ಮದರ್‌ಬೋರ್ಡಿನ ಚಿಪ್ ದಿಢೀರ್ ಕೈಕೊಟ್ಟಾಗ: ಯಾವುದು ಹೋಗಿದೆ, ಏಕೆ ಹೋಗಿದೆ

"ನಿನ್ನೆ ಸಂಜೆಯವರೆಗೆ ಸರಿ ಇತ್ತು ಮಾರಾಯ್ರೇ, ಬೆಳಿಗ್ಗೆ ನೋಡಿದರೆ ಆನ್ ಆಗುವುದಿಲ್ಲ." ಡೆಸ್ಕ್‌ಟಾಪ್ ರಿಪೇರಿಯ ಮೇಜಿಗೆ ಬರುವ ದೂರುಗಳಲ್ಲಿ ತೀರಾ ಸಾಮಾನ್ಯವಾದದ್ದು ಇದು. ಕಾಸರಗೋಡು ಜಿಲ್ಲೆಯಲ್ಲಿ ಈ ದೂರು ಹೆಚ್ಚುವ ಎರಡು ಹೊತ್ತುಗಳಿವೆ: ಮಳೆಗಾಲದ ಮುಂಚಿನ ಎಪ್ರಿಲ್–ಮೇ, ಮತ್ತು ಸಂಜೆಯಾಗುತ್ತಲೇ ಗುಡುಗಿ ಸುರಿಯುವ ತುಲಾವರ್ಷದ ಅಕ್ಟೋಬರ್–ನವೆಂಬರ್. ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆಯ ಗುಡ್ಡದ ಮನೆಗಳಲ್ಲಿ ಸಿಡಿಲಿನ ಕಾಟ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ ಅದರ ಜೊತೆಗೆ ಉಪ್ಪುಗಾಳಿಯ ತುಕ್ಕು.

ಬೋರ್ಡಿನ ಮೇಲಿನ ಚಿಪ್ ತನ್ನಷ್ಟಕ್ಕೆ ತಾನೇ ಸಾಯುವುದು ಅಪರೂಪ. ಹೊರಗಿನಿಂದ ಬಂದ ಹೆಚ್ಚಿನ ವೋಲ್ಟೇಜ್, ಶಾರ್ಟ್ ಆದ ಮಾಸ್‌ಫೆಟ್ (ವಿದ್ಯುತ್ತನ್ನು ಸ್ವಿಚ್ಚಿನಂತೆ ಬಿಟ್ಟು ಹಿಡಿಯುವ ಬಿಡಿಭಾಗ), ಅರ್ತ್ ಇಲ್ಲದ ಕ್ಯಾಬಿನೆಟ್, ಕಾಲುಗಳ ನಡುವಿನ ತೇವ, ಇವುಗಳಲ್ಲಿ ಒಂದು ಅದನ್ನು ಕೊಂದಿರುತ್ತದೆ. ಕಾರಣ ಹುಡುಕದೆ ಚಿಪ್ ಬದಲಿಸಿದರೆ ಎರಡನೆಯ ಚಿಪ್ಪೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಮೊದಲು ಬೋರ್ಡಿನೊಳಗಿನ ಯಾವ ವಿದ್ಯುತ್ ಸಾಲು ಬಿದ್ದಿದೆ ಎಂದು ನೋಡಿ, ಆಮೇಲೆ ಆ ಸಾಲಿನ ಮೇಲಿರುವ ಚಿಪ್‌ಗಳನ್ನು ಅನುಮಾನಿಸಿ.

ಯಂತ್ರ ತಂದವರಿಂದ ನಾಲ್ಕು ವಿಷಯ ತಿಳಿದುಕೊಳ್ಳಿ. ಕೆಟ್ಟ ದಿನ ಗುಡುಗು ಇತ್ತೇ, ಕರೆಂಟ್ ಹೋಗಿ ಬಂದಿತ್ತೇ? ಇಂಟರ್ನೆಟ್ ಕೇಬಲ್ ಸಿಕ್ಕಿಸಿಯೇ ಇತ್ತೇ? ಮನೆಯಲ್ಲಿ ಒಎನ್‌ಟಿ (ಫೈಬರ್ ಇಂಟರ್ನೆಟ್ಟಿನ ಪೆಟ್ಟಿಗೆ), ಟಿವಿ, ಪ್ರಿಂಟರ್ ಮೊದಲಾದ ಬೇರೆ ಏನಾದರೂ ಜೊತೆಗೆ ಹೋಗಿದೆಯೇ? ಪೆನ್‌ಡ್ರೈವ್ ಅಥವಾ ಎಚ್‌ಡಿಎಂಐ ವಯರ್ ಚುಚ್ಚುವಾಗಲೇ ಆರಿತೇ? ಈ ಉತ್ತರಗಳು ಸಿಕ್ಕರೆ ಅರ್ಧ ದಿನದ ಕೆಲಸ ಉಳಿಯುತ್ತದೆ. ಹಾರ್ಡ್ ಡಿಸ್ಕಿನಲ್ಲಿರುವ ಫೋಟೋ, ಲೆಕ್ಕಪತ್ರಗಳ ಚಿಂತೆ ಅವರಿಗೆ ಇದ್ದೇ ಇರುತ್ತದೆ. ಡಿಸ್ಕನ್ನು ಮೊದಲು ಬಿಚ್ಚಿ ಬೇರೆ ಯಂತ್ರದಲ್ಲಿ ನೋಡಿ ಧೈರ್ಯ ಹೇಳಿ. ಪರೀಕ್ಷೆ ಮುಗಿಯುವ ತನಕ ಅದನ್ನು ಈ ಬೋರ್ಡಿಗೆ ಸಿಕ್ಕಿಸಬೇಡಿ.

ಬೇಕಾದ ಸಾಮಾನು: ಡಯೋಡ್ ಮೋಡ್ ಇರುವ ಡಿಜಿಟಲ್ ಮಲ್ಟಿಮೀಟರ್, ಸೂಜಿಮೊನೆಯ ಪ್ರೋಬ್, ಸರಿ ಇದೆಯೆಂದು ಗೊತ್ತಿರುವ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿ), ಬೋರ್ಡಿನ ಮೇಲೆ ಕೂರುವ ಹೊಸ ಸಿಆರ್2032 ಸೆಲ್, 99 ಶೇಕಡಾದ ಐಸೋಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಬ್ರಷ್, ಬೋರ್ಡು ಯಾವ ಹಂತದಲ್ಲಿ ನಿಂತಿದೆ ಎಂದು ಅಂಕೆಯಲ್ಲಿ ತೋರಿಸುವ ಡೀಬಗ್ ಕಾರ್ಡ್. ಚಿಪ್ ಕೀಳುವುದಾದರೆ ಹಾಟ್ ಏರ್ ಮತ್ತು ಒಳ್ಳೆಯ ಫ್ಲಕ್ಸ್. ಬಯೋಸ್ (ಯಂತ್ರವನ್ನು ಶುರು ಮಾಡುವ, ಚಿಪ್ಪಿನಲ್ಲಿರುವ ತಂತ್ರಾಂಶ) ಬರೆಯುವುದಾದರೆ ಪ್ರೋಗ್ರಾಮರ್ ಎಂಬ ಸಾಧನ. ಶಾರ್ಟ್ ಹುಡುಕುವುದಾದರೆ ಕರೆಂಟ್ ಮಿತಿ ಇಡಬಲ್ಲ ಬೆಂಚ್ ಸಪ್ಲೈ. ಆಸಿಲ್ಲೋಸ್ಕೋಪ್ ಇದ್ದರೆ ಒಳ್ಳೆಯದು, ಇಲ್ಲದೆಯೂ ಬಹುಪಾಲು ಕೆಲಸ ನಡೆಯುತ್ತದೆ. ಬೋರ್ಡಿನ ಮೇಲೆ ಅಚ್ಚಾದ ಮಾದರಿ ಸಂಖ್ಯೆಯ ಜೊತೆಗೆ ರಿವಿಷನ್ನನ್ನೂ ಬರೆದುಕೊಳ್ಳಿ. ಒಂದೇ ಹೆಸರಿನ ಬೋರ್ಡಿನ 1.0 ಮತ್ತು 2.0 ರಿವಿಷನ್‌ಗಳ ಸರ್ಕ್ಯೂಟ್ ಬೇರೆ ಇರಬಹುದು.

ಚಿಪ್‌ನ ಮೇಲೆ ತಪ್ಪು ಹೊರಿಸುವ ಮೊದಲು

ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆದು ಒಣ ರಟ್ಟಿನ ಮೇಲಿಡಿ. ಕ್ಯಾಬಿನೆಟ್ಟಿನಲ್ಲಿ ಹೆಚ್ಚುವರಿಯಾಗಿ ಕೂತ ಒಂದು ಹಿತ್ತಾಳೆ ಸ್ಟಡ್ ಬೋರ್ಡಿನ ಹಿಂಬದಿಗೆ ತಾಗಿದರೂ ಸಾಕು, ಯಂತ್ರ ಆನ್ ಆಗುವುದಿಲ್ಲ. ರಾಮ್, ಗ್ರಾಫಿಕ್ಸ್ ಕಾರ್ಡ್, ಮುಂಭಾಗದ ಯುಎಸ್‌ಬಿ ಮತ್ತು ಆಡಿಯೊ ವಯರ್ ಎಲ್ಲವನ್ನೂ ಕಳಚಿ. ಸಿಪಿಯು ಕೂರುವ ಸಾಕೆಟ್‌ನ ಪಿನ್‌ಗಳನ್ನು ಭೂತಗನ್ನಡಿಯಲ್ಲಿ ಓರೆ ಬೆಳಕು ಹಾಯಿಸಿ ನೋಡಿ. ಬಾಗಿದ ಒಂದೇ ಪಿನ್ ಚಿಪ್ ಹೋದಂತೆಯೇ ನಟಿಸುತ್ತದೆ.

ಆಮೇಲೆ ಕಣ್ಣಿಗೆ ಕೆಲಸ ಕೊಡಿ. ಮೇಲ್ಭಾಗ ಉಬ್ಬಿದ ಕೆಪಾಸಿಟರ್, ಕಂದು ಬಣ್ಣಕ್ಕೆ ತಿರುಗಿದ ಬೋರ್ಡು, ಚಿಪ್ಪಿನ ಮೈಮೇಲೆ ಸೂಜಿ ಚುಚ್ಚಿದಂಥ ತೂತು ಅಥವಾ ಕೂದಲೆಳೆಯ ಬಿರುಕು. ನಮ್ಮ ಕಡೆ ಇನ್ನೂ ಎರಡನ್ನು ಸೇರಿಸಿಕೊಳ್ಳಬೇಕು: ಇರುವೆ ಗೂಡು ಮತ್ತು ಹಲ್ಲಿ ಹಿಕ್ಕೆ. ಹಿಕ್ಕೆ ಒಣಗಿದ್ದಾಗ ತೊಂದರೆ ಕೊಡದೆ, ಜೂನಿನ ತೇವಕ್ಕೆ ನೆಂದು ವಿದ್ಯುತ್ ಹರಿಸತೊಡಗುತ್ತದೆ. ಸಣ್ಣ ಕಾಲಿನ ಚಿಪ್ಪಿನ ಮೇಲೆ ಬಿದ್ದಿದ್ದರೆ ಎರಡು ಮೂರು ಕಾಲುಗಳ ತಾಮ್ರವನ್ನೇ ತಿಂದಿರುತ್ತದೆ. ಹಸಿರು ಬಿಳಿ ಪುಡಿ ಕಂಡಲ್ಲಿ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿ, 60ರಿಂದ 70 ಡಿಗ್ರಿ ಬಿಸಿಗಾಳಿಯಲ್ಲಿ ಒಣಗಿಸಿ. ಎಷ್ಟೋ ಬೋರ್ಡು ಇಷ್ಟಕ್ಕೇ ಎದ್ದು ಕೂರುತ್ತದೆ.

ಈಗ ಎಸ್‌ಎಂಪಿಎಸ್. ಇದರ ಮೇಲ್ಮುಚ್ಚಳ ತೆಗೆಯುವ ಅಗತ್ಯ ಇಲ್ಲಿ ಬೀಳುವುದಿಲ್ಲ, ತೆಗೆಯಲೂ ಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಅಳೆಯಬೇಕಾದ್ದು 24 ಪಿನ್ನಿನ ಕನೆಕ್ಟರ್‌ನಲ್ಲಿ, ಬೋರ್ಡಿಗೆ ಸಿಕ್ಕಿಸಿಯೇ, ವಯರ್ ಹೊಕ್ಕುವ ಹಿಂಬದಿಯಿಂದ ಪ್ರೋಬ್ ತೂರಿಸಿ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಇರಬೇಕು. ಇವು ಆನ್ ಆದ ಮೇಲಿನ ಮಾತು. ಸತ್ತ ಬೋರ್ಡಿನಲ್ಲಿ ಮೊದಲು ಬೇಕಾಗುವುದು ನೇರಳೆ ವಯರ್.

ನೇರಳೆ ವಯರ್‌ನಿಂದ ಶುರು

ಗೋಡೆಯ ಸ್ವಿಚ್ ಹಾಕಿದ ಕ್ಷಣದಿಂದ, ಯಾರೂ ಬಟನ್ ಒತ್ತದಿದ್ದರೂ, 9ನೇ ಪಿನ್ನಿನ ನೇರಳೆ ವಯರ್‌ನಲ್ಲಿ 5 ವೋಲ್ಟ್ ಸ್ಟ್ಯಾಂಡ್‌ಬೈ ಇರುತ್ತದೆ. ಬೋರ್ಡಿನ ಮೇಲಿನ ಒಂದು ರೆಗ್ಯುಲೇಟರ್ ಅದನ್ನು 3.3 ವೋಲ್ಟಿಗೆ ಇಳಿಸುತ್ತದೆ. ಸೌತ್‌ಬ್ರಿಜ್‌ನ (ಯುಎಸ್‌ಬಿ, ಡಿಸ್ಕ್ ಮೊದಲಾದವನ್ನು ನೋಡಿಕೊಳ್ಳುವ ಬೋರ್ಡಿನ ಮುಖ್ಯ ಚಿಪ್) ಒಂದು ಭಾಗ, ಆನ್ ಆಗುವ ಕ್ರಮ ನೋಡಿಕೊಳ್ಳುವ ಸೂಪರ್ ಐಒ, ಇಂಟರ್ನೆಟ್ ಕೇಬಲ್ಲಿನ ಲ್ಯಾನ್ ಚಿಪ್, ಹಲವು ಬೋರ್ಡುಗಳಲ್ಲಿ ಬಯೋಸ್ ಚಿಪ್ ಕೂಡ ರಾತ್ರಿಯಿಡೀ ಇದೇ 3.3 ವೋಲ್ಟನ್ನು ಕುಡಿಯುತ್ತಾ ಎಚ್ಚರವಾಗಿರುತ್ತವೆ. ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಸಿಡಿಲಿಗೆ ಚಿಪ್ ಹೋಗುವುದು ಇದರಿಂದಲೇ. "ಆಫ್ ಮಾಡಿಯೇ ಇಟ್ಟಿದ್ದೆ" ಎನ್ನುವವರ ಮಾತು ಸುಳ್ಳಲ್ಲ, ಪ್ಲಗ್ ಕೀಳದ ಯಂತ್ರ ಪೂರ್ತಿ ಆಫ್ ಆಗಿರುವುದಿಲ್ಲ.

ನೇರಳೆಯಲ್ಲಿ ಬೋರ್ಡಿಗೆ ಸಿಕ್ಕಿಸದೆ 5 ವೋಲ್ಟ್ ಇದ್ದು, ಸಿಕ್ಕಿಸಿದೊಡನೆ 1 ವೋಲ್ಟಿಗೋ ಸೊನ್ನೆಗೋ ಕುಸಿದರೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿ. ಎರಡನೆಯದೂ ಕುಸಿದರೆ ಬೋರ್ಡಿನಲ್ಲಿ ಶಾರ್ಟ್ ಇದೆ. ಕುಸಿಯದೆ 4.75ಕ್ಕಿಂತ ಮೇಲೆ ನಿಂತರೆ ಪ್ಲಗ್ ಹಾಗೇ ಬಿಟ್ಟು ಎರಡು ನಿಮಿಷ ಕಾದು, ಬೆರಳಿನ ತುದಿಯಿಂದ ಚಿಪ್‌ಗಳನ್ನು ಒಂದೊಂದಾಗಿ ಮುಟ್ಟಿ. ಕಡಿಮೆ ವೋಲ್ಟೇಜ್, ಅಪಾಯವಿಲ್ಲ, ಆದರೆ ಬೆರಳು ಸುಡಬಹುದು. ಸೌತ್‌ಬ್ರಿಜ್ ಉಗುರುಬೆಚ್ಚಗಿರುವುದು ಸಹಜ. ಬೆರಳಿಡಲಾಗದಷ್ಟು ಬಿಸಿಯಾದ ಚಿಪ್ ಸ್ಟ್ಯಾಂಡ್‌ಬೈಯಲ್ಲಿ ಇರಕೂಡದು. ಬಿಸಿಯಾದದ್ದು ರೆಗ್ಯುಲೇಟರ್ ಒಂದೇ ಆದರೆ ಅದನ್ನು ಕೂಡಲೇ ದೂಷಿಸಬೇಡಿ. ಅದರ ಮುಂದಿರುವ ಯಾರೋ ಕರೆಂಟನ್ನು ಎಳೆಯುತ್ತಿದ್ದಾರೆ ಎಂದರ್ಥ.

3.3 ವೋಲ್ಟ್ ಸ್ಟ್ಯಾಂಡ್‌ಬೈ ಅಳೆಯಲು ಸುಲಭದ ಜಾಗ ಎಂದರೆ ಬಯೋಸ್ ಚಿಪ್ಪಿನ 8ನೇ ಕಾಲು ಅಥವಾ ರೆಗ್ಯುಲೇಟರ್. 1117 ಬಗೆಯ ರೆಗ್ಯುಲೇಟರ್ ಇದ್ದರೆ 3ನೇ ಕಾಲಿಗೆ 5 ವೋಲ್ಟ್ ಬಂದು, ನಡುವಿನ ಕಾಲು ಮತ್ತು ಮೇಲಿನ ಅಗಲ ರೆಕ್ಕೆಯಲ್ಲಿ 3.3 ಹೊರಬರಬೇಕು. ಅದು ಬಾರದಿದ್ದರೆ ಪ್ಲಗ್ ಕಿತ್ತು, ಸೆಲ್ ತೆಗೆದು, ಆ ರೆಕ್ಕೆಯಿಂದ ನೆಲಕ್ಕೆ (ಬೋರ್ಡಿನ ಗ್ರೌಂಡ್, ಅಂದರೆ ಕಪ್ಪು ವಯರ್‌ಗಳ ಸಾಲು) ಓಮ್ ಅಳೆಯಿರಿ. ನೂರಾರು ಓಮ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಾಲು ಶಾರ್ಟ್ ಇಲ್ಲ, ರೆಗ್ಯುಲೇಟರೇ ಹೋಗಿದೆ. ಕೆಲವೇ ಓಮ್ ಬಂದರೆ ಸಾಲಿನ ಮೇಲೆ ಒಂದು ಚಿಪ್ ಅಥವಾ ಸೆರಾಮಿಕ್ ಕೆಪಾಸಿಟರ್ ಒಳಗೆ ಕೂಡಿಕೊಂಡಿದೆ. ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದಾಗ ಮೀಟರ್ ತೋರಿಸುವ 0.2ರಿಂದ 0.5 ಓಮನ್ನು ಕಳೆದು ಲೆಕ್ಕ ಹಾಕಿ.

ಶಾರ್ಟ್ ಎಲ್ಲಿದೆ ಎಂದು ಹುಡುಕಲು ಬೆಂಚ್ ಸಪ್ಲೈಯನ್ನು 1 ವೋಲ್ಟ್, 2 ಆಂಪಿಯರ್ ಮಿತಿಗೆ ಇಟ್ಟು ಆ ಸಾಲಿಗೆ ಕೊಡಿ. ಸಾಲಿನ ಸ್ವಂತ ವೋಲ್ಟೇಜನ್ನು ಎಂದೂ ಮೀರಬೇಡಿ. 1 ವೋಲ್ಟಿನಲ್ಲಿ ಸರಿಯಿರುವ ಚಿಪ್‌ಗಳಿಗೆ ಏನೂ ಆಗುವುದಿಲ್ಲ, ಶಾರ್ಟ್ ಆದದ್ದು ಮಾತ್ರ ಬಿಸಿಯಾಗುತ್ತದೆ. ಬೋರ್ಡಿನ ಮೇಲೆ ಆಲ್ಕೋಹಾಲ್ ತೆಳ್ಳಗೆ ಸವರಿ; ಎಲ್ಲಕ್ಕಿಂತ ಮೊದಲು ಎಲ್ಲಿ ಒಣಗುತ್ತದೋ ಅಲ್ಲಿ ಕಳ್ಳ ಇದ್ದಾನೆ.

ಗುಡುಗಿನ ಮರುದಿನ: ಲ್ಯಾನ್ ಚಿಪ್

ಸಿಡಿಲಿನ ನಂತರ ಸತ್ತ ಬೋರ್ಡಿನಲ್ಲಿ 3.3 ವೋಲ್ಟ್ ಸ್ಟ್ಯಾಂಡ್‌ಬೈ ಶಾರ್ಟ್ ಇದ್ದರೆ, ಬೇರೆಲ್ಲಕ್ಕಿಂತ ಮೊದಲು ಲ್ಯಾನ್ ಚಿಪ್ಪನ್ನು ಅನುಮಾನಿಸಿ. ಹಿಂಬದಿಯ ಲ್ಯಾನ್ ಸಾಕೆಟ್ಟಿನ ಪಕ್ಕದಲ್ಲಿ ಚೌಕಾಕಾರವಾಗಿ ಕೂತಿರುತ್ತದೆ, ಸಾಮಾನ್ಯ ಬೋರ್ಡುಗಳಲ್ಲಿ ರಿಯಲ್‌ಟೆಕ್‌ನ ಆರ್‌ಟಿಎಲ್8111 ಸರಣಿಯದು. ಪಕ್ಕದಲ್ಲೇ 25 ಮೆಗಾಹರ್ಟ್ಸ್ ಕ್ರಿಸ್ಟಲ್ ಕಾಣುತ್ತದೆ.

ಸಾಕೆಟ್ಟಿಗೂ ಚಿಪ್ಪಿಗೂ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿವೆ. ಎತರ್ನೆಟ್ ಮಾನದಂಡದ ಪ್ರಕಾರ ಅವು 1500 ವೋಲ್ಟ್ ಎಸಿಯನ್ನು ಒಂದು ನಿಮಿಷ ತಡೆದುಕೊಳ್ಳಬೇಕು. ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲು ವಯರ್‌ಗಳಲ್ಲಿ ಹುಟ್ಟಿಸುವ ಜಿಗಿತ ಅದನ್ನು ಸುಲಭವಾಗಿ ದಾಟುತ್ತದೆ. ಮನೆಗೆ ಬಂದಿರುವುದು ಫೈಬರ್ ಎಂದು ನೆಮ್ಮದಿಯಾಗಿರುವವರು ಬಹಳ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ. ಆದರೆ ಒಎನ್‌ಟಿಯ ಅಡಾಪ್ಟರ್ ಕರೆಂಟಿನ ಸಾಲಿನಲ್ಲೇ ಇದೆ, ಒಎನ್‌ಟಿಯಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ಕೇಬಲ್, ಮತ್ತು ಕಂಬದಿಂದ ಮನೆಗೆ ಎಳೆಯುವ ಫೈಬರ್‌ನ ಜೊತೆಗೆ ಅನೇಕ ಕಡೆ ಉಕ್ಕಿನ ತಂತಿಯೂ ಇರುತ್ತದೆ. ಹಳೆಯ ದೂರವಾಣಿ ಸಾಲಿನ ಬ್ರಾಡ್‌ಬ್ಯಾಂಡ್ ಉಳಿದಿರುವ ಮನೆಗಳಲ್ಲಂತೂ ದಾರಿ ನೇರ.

ಪರೀಕ್ಷೆ ಹೀಗೆ. ಲ್ಯಾನ್ ಸಾಕೆಟ್ಟಿನ 1–2, 3–6, 4–5, 7–8ನೇ ಪಿನ್‌ಗಳ ಜೋಡಿಯಲ್ಲಿ ಓಮ್ ನೋಡಿ. ಪ್ರತಿ ಜೋಡಿಯೂ ಒಂದೆರಡು ಓಮಿನ ಒಳಗೆ, ನಾಲ್ಕೂ ಒಂದೇ ತರ ಇರಬೇಕು. ಒಂದು ಜೋಡಿ ತೆರೆದುಕೊಂಡಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸಿಡಿಲು ಬಂದ ದಾರಿ ಖಚಿತವಾಯಿತು. ಆಮೇಲೆ ಮೀಟರನ್ನು ಡಯೋಡ್ ಮೋಡಿಗೆ ಹಾಕಿ, ಕೆಂಪು ಪ್ರೋಬ್ ನೆಲಕ್ಕೆ, ಕಪ್ಪನ್ನು ಚಿಪ್ಪಿನ ಬದಿಯ ಎಂಟು ಗೆರೆಗಳಿಗೆ ಒಂದೊಂದಾಗಿ ಹಿಡಿಯಿರಿ. ಎಂಟೂ ಹೆಚ್ಚು ಕಡಿಮೆ ಒಂದೇ ಅಂಕೆ ತೋರಿಸಬೇಕು. ಒಂದು ಸೊನ್ನೆಗೆ ಇಳಿದರೂ ಚಿಪ್ ಹೋಗಿದೆ.

ಅದನ್ನು ಬದಲಿಸುವ ಮೊದಲು ಸುಮ್ಮನೆ ಕಿತ್ತು ನೋಡಿ. ಫ್ಲಕ್ಸ್ ಹಾಕಿ, ಸುತ್ತಲಿನ ಪ್ಲಾಸ್ಟಿಕ್ ಸಾಕೆಟ್‌ಗಳಿಗೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಹೊದಿಸಿ, ಹಾಟ್ ಏರ್ 350ರಿಂದ 380 ಡಿಗ್ರಿಯಲ್ಲಿ ಗಾಳಿಯನ್ನು ಸುತ್ತಿಸುತ್ತಾ ಕಾಯಿಸಿ. ಚಿಪ್ಪಿನ ಹೊಟ್ಟೆಯಡಿ ನೆಲಕ್ಕೆ ಬೆಸೆದ ಅಗಲ ಪ್ಯಾಡ್ ಇರುವುದರಿಂದ ಬಿಡಲು ತುಸು ಹೊತ್ತು ಬೇಕು. ಚಿಮುಟದಿಂದ ಮೆಲ್ಲಗೆ ತಳ್ಳಿದಾಗ ಜಾರಿದರೆ ಮಾತ್ರ ಎತ್ತಿ. ಬಲವಂತ ಮಾಡಿದರೆ ಪ್ಯಾಡ್‌ಗಳೂ ಕಿತ್ತು ಬರುತ್ತವೆ. ತಣ್ಣಗಾದ ಮೇಲೆ 3.3ರ ಸಾಲನ್ನು ಮತ್ತೆ ಅಳೆಯಿರಿ. ಶಾರ್ಟ್ ಹೋಗಿದ್ದರೆ ಬೋರ್ಡು ಸಾಮಾನ್ಯವಾಗಿ ಲ್ಯಾನ್ ಇಲ್ಲದೆಯೇ ಆನ್ ಆಗುತ್ತದೆ. ಗ್ರಾಹಕರಿಗೆ ಅಲ್ಲಿಗೇ ನಿಲ್ಲಿಸಿ, ಸ್ಲಾಟಿಗೆ ಹಾಕುವ ಲ್ಯಾನ್ ಕಾರ್ಡೋ ಯುಎಸ್‌ಬಿ ಲ್ಯಾನ್ ಅಡಾಪ್ಟರೋ ಕೊಡುವುದು ಲೇಸು. ಹೊಸ ಚಿಪ್ ಹಾಕಲೇಬೇಕಾದರೆ ಕೊನೆಯ ಅಕ್ಷರವೂ ಹೊಂದಬೇಕು, 8111ಇ ಇದ್ದ ಜಾಗಕ್ಕೆ 8111ಜಿ ಕೂರುವುದಿಲ್ಲ, ಕಾಲುಗಳ ಸಂಖ್ಯೆಯೇ ಬೇರೆ. ಮಂಗಳೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿ.

ಲ್ಯಾನ್ ಚಿಪ್ ಕಿತ್ತ ಮೇಲೂ ಸೌತ್‌ಬ್ರಿಜ್ ಸುಡುತ್ತಿದ್ದರೆ ಜಿಗಿತ ಅಲ್ಲಿಯವರೆಗೆ ಹೋಗಿದೆ. ಆ ಬೋರ್ಡಿನ ಮೇಲೆ ಮತ್ತೆ ಹಣ ಸುರಿಯುವುದು ಬೇಡ.

ಬಟನ್ ಒತ್ತಿದರೆ ಸದ್ದಿಲ್ಲ

3.3 ಸರಿಯಿದೆ, ಬಿಸಿ ಏನೂ ಇಲ್ಲ, ಆದರೂ ಏಳುವುದಿಲ್ಲ. ಈಗ ಪವರ್ ಬಟನ್ನಿನ ಎರಡು ಪಿನ್‌ಗಳಲ್ಲಿ ಅಳೆಯಿರಿ. ಒಂದರಲ್ಲಿ 3.3 ವೋಲ್ಟಿನ ಆಸುಪಾಸು, ಕೆಲವು ಬೋರ್ಡುಗಳಲ್ಲಿ 5 ವೋಲ್ಟ್ ಇದ್ದು, ಸ್ಕ್ರೂಡ್ರೈವರ್‌ನಿಂದ ಎರಡನ್ನೂ ತಾಗಿಸಿದಾಗ ಸೊನ್ನೆಗೆ ಬೀಳಬೇಕು. ಆ ಸುದ್ದಿ ಸೂಪರ್ ಐಒಗೆ ಹೋಗುತ್ತದೆ. ಸೂಪರ್ ಐಒ ಎಂದರೆ ನಾಲ್ಕೂ ಬದಿಗೆ ಕಾಲುಗಳಿರುವ, ಐಟಿಇ, ನುವೊಟಾನ್ ಅಥವಾ ಫಿನ್‌ಟೆಕ್ ಎಂದು ಬರೆದಿರುವ ಚಿಪ್. ಅದು ಸೌತ್‌ಬ್ರಿಜ್‌ಗೆ ತಿಳಿಸುತ್ತದೆ, ಸೌತ್‌ಬ್ರಿಜ್ ಆನ್ ಆಗಲು ಒಪ್ಪಿಗೆ ಕೊಡುವ ಎಸ್3 ಮತ್ತು ಎಸ್4 ಸಂಕೇತಗಳನ್ನು ಮೇಲೆತ್ತುತ್ತದೆ, ಆಗ ಸೂಪರ್ ಐಒ 16ನೇ ಪಿನ್ನಿನ ಹಸಿರು ವಯರನ್ನು ನೆಲಕ್ಕೆ ಎಳೆದು ಎಸ್‌ಎಂಪಿಎಸ್ಸನ್ನು ಎಬ್ಬಿಸುತ್ತದೆ. ಕೋಲಾಟದಲ್ಲಿ ಒಬ್ಬ ಕೋಲು ಕೊಡದಿದ್ದರೆ ಇಡೀ ಸುತ್ತು ನಿಲ್ಲುವಂತೆ ಇಲ್ಲಿಯೂ ಒಂದು ಸಂಕೇತ ತಪ್ಪಿದರೆ ಮುಂದಿನದು ಬರುವುದೇ ಇಲ್ಲ. ನಿಂತದ್ದು ಎಲ್ಲಿ ಎಂದು ಹುಡುಕಿದರೆ ಕಳ್ಳ ಚಿಪ್ ಸಿಕ್ಕಂತೆಯೇ.

ಮೊದಲು ಆರ್‌ಎಸ್‌ಎಂ ರಿಸೆಟ್ ನೋಡಿ. ಸ್ಟ್ಯಾಂಡ್‌ಬೈ ವಿದ್ಯುತ್ತು ನೆಟ್ಟಗಿದೆ ಎಂದು ಸೌತ್‌ಬ್ರಿಜ್‌ಗೆ ಸಾರುವ ಸಂಕೇತ ಅದು. ಬಹಳಷ್ಟು ಬೋರ್ಡುಗಳಲ್ಲಿ ಸೂಪರ್ ಐಒಯಿಂದ ಹೊರಡುತ್ತದೆ, ಬಟನ್ ಒತ್ತುವ ಮೊದಲೇ 3.3 ವೋಲ್ಟ್ ಇರಬೇಕು. ಚಿಪ್ಪಿನ ಡೇಟಾಶೀಟಿನಲ್ಲಿ ಕಾಲಿನ ಸಂಖ್ಯೆ ಸಿಗುತ್ತದೆ. ಸೂಪರ್ ಐಒಗೆ ಸ್ಟ್ಯಾಂಡ್‌ಬೈ ಬರುತ್ತಿದ್ದೂ ಇದು ಸೊನ್ನೆಯಲ್ಲಿದ್ದರೆ ಸೂಪರ್ ಐಒ ಬದಲಿಸಿ. ಎಸ್3 ಮೇಲೆದ್ದರೂ ಹಸಿರು ವಯರ್ ಕೆಳಗಿಳಿಯದಿದ್ದರೂ ಅದೇ ಚಿಕಿತ್ಸೆ. ಆರ್‌ಎಸ್‌ಎಂ ರಿಸೆಟ್ ಇದೆ, ಬಟನ್ನಿನ ಸುದ್ದಿ ಸೌತ್‌ಬ್ರಿಜ್‌ಗೆ ತಲುಪುತ್ತಿದೆ, ಆದರೂ ಎಸ್3 ಏಳುವುದಿಲ್ಲ ಎಂದಾದರೆ ದೋಷ ಸೌತ್‌ಬ್ರಿಜ್‌ನ ಕಡೆ. ಅದಕ್ಕೂ ಮೊದಲು ಆರ್‌ಟಿಸಿ ಎಂಬ ಗಡಿಯಾರದ ವಿಭಾಗವನ್ನು (ಮುಂದೆ ಹೇಳಿದೆ) ನೋಡಲೇಬೇಕು.

ಸೂಪರ್ ಐಒ ಬದಲಿಸುವಾಗ ಮುಖ್ಯ ಸಂಖ್ಯೆಯ ಕೆಳಗಿನ ಮೂರಕ್ಷರದ ಬಾಲವನ್ನೂ ಹೊಂದಿಸಿ. ಐಟಿ8728ಎಫ್ ಎಂಬ ಒಂದೇ ಚಿಪ್ಪಿಗೆ ಬೇರೆ ಬೇರೆ ಬಾಲಗಳಿವೆ, ಅದಲುಬದಲು ಮಾಡಿದರೆ ಬೋರ್ಡು ಏಳದಿರಬಹುದು.

ಬೆಳಿಗ್ಗೆ ಏಳದೆ ಮಧ್ಯಾಹ್ನ ಏಳುವ ಬೋರ್ಡು

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಈ ಬಗೆಯ ದೋಷಕ್ಕೆ ಬೇರೆಯೇ ಸ್ಥಾನ ಇದೆ. ಜುಲೈ ತಿಂಗಳ ಬೆಳಿಗ್ಗೆ ಯಂತ್ರ ಆನ್ ಆಗುವುದಿಲ್ಲ, ಕೋಣೆ ಬೆಚ್ಚಗಾದ ಮೇಲೆ ಏನೂ ಆಗದವರ ಹಾಗೆ ಆನ್ ಆಗುತ್ತದೆ. ಸೌತ್‌ಬ್ರಿಜ್ ಹೋಗುತ್ತಿದೆ ಎಂದು ತೀರ್ಮಾನಿಸಿ ಬೋರ್ಡನ್ನೇ ಎಸೆದವರಿದ್ದಾರೆ.

ಸೌತ್‌ಬ್ರಿಜ್‌ನ ಬದಿಯಲ್ಲಿ ಸಣ್ಣ ಕೊಳವೆಯಂಥ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಇರುತ್ತದೆ. ಗಡಿಯಾರದ ಈ ಸರ್ಕ್ಯೂಟ್ ಬಹಳ ಕಡಿಮೆ ಕರೆಂಟಿನಲ್ಲಿ ನಡೆಯುವುದರಿಂದ ಅದರ ಸುತ್ತ ತೇವ ಹಿಡಿದ ಧೂಳಿನ ತೆಳುಪದರ ಸಾಕು, ಮಿಡಿತ ನಿಂತುಬಿಡುತ್ತದೆ. ಅದು ನಿಂತರೆ ಇಂಟೆಲ್ ಸೌತ್‌ಬ್ರಿಜ್ ಆನ್ ಆಗುವ ಆಟವನ್ನೇ ಶುರು ಮಾಡುವುದಿಲ್ಲ. ಕ್ರಿಸ್ಟಲ್, ಅದರ ಎರಡು ಪುಟ್ಟ ಕೆಪಾಸಿಟರ್, ಸೆಲ್‌ನ ಹೋಲ್ಡರ್, ಬಯೋಸ್ ಸೆಟ್ಟಿಂಗ್ ಅಳಿಸುವ ಸಿಎಂಒಎಸ್ ಜಂಪರ್, ಈ ಜಾಗವನ್ನೆಲ್ಲ ಆಲ್ಕೋಹಾಲ್‌ನಿಂದ ತೊಳೆದು ಒಣಗಿಸಿ. ಸೆಲ್ 2.8 ವೋಲ್ಟಿಗಿಂತ ಕೆಳಗಿದ್ದರೆ ಬದಲಿಸಿ. ಹೊಸ ಸೆಲ್ ಹಾಕಿದಾಗ ಜಂಪರಿನ ಒಂದು ಪಿನ್ನಿನಲ್ಲಿ 3 ವೋಲ್ಟಿನ ಹತ್ತಿರ ಕಾಣಬೇಕು. ಮಲ್ಟಿಮೀಟರಿನ ಪ್ರೋಬನ್ನು ಕ್ರಿಸ್ಟಲ್ಲಿನ ಕಾಲಿಗೆ ಹಿಡಿದು ಪರೀಕ್ಷಿಸಲು ಹೋಗಬೇಡಿ; ಆ ಸ್ಪರ್ಶಕ್ಕೇ ಮಿಡಿತ ನಿಂತು ಸುಳ್ಳು ಉತ್ತರ ಸಿಗುತ್ತದೆ. ಹೊಸ ಸೆಲ್ ಕೆಲವೇ ವಾರಗಳಲ್ಲಿ ಬರಿದಾದರೆ ಮಾತ್ರ ಸೌತ್‌ಬ್ರಿಜ್‌ನ ಒಳಗೆ ಸೋರಿಕೆ ಇರುವ ಅನುಮಾನ ಗಟ್ಟಿಯಾಗುತ್ತದೆ.

ಫ್ಯಾನ್ ಒಮ್ಮೆ ತಿರುಗಿ ನಿಂತರೆ

ಸಿಪಿಯು ಬಳಿಯ 4 ಅಥವಾ 8 ಪಿನ್ನಿನ 12 ವೋಲ್ಟ್ ಕನೆಕ್ಟರನ್ನು ಕಿತ್ತು ಆನ್ ಮಾಡಿ. ಫ್ಯಾನ್ ನಿಲ್ಲದೆ ತಿರುಗಿದರೆ ದೋಷ ಸಿಪಿಯುವಿಗೆ ವಿದ್ಯುತ್ ಕೊಡುವ ವಿಆರ್‌ಎಂನಲ್ಲಿದೆ. ಕೂಡಲೇ ಸಿಪಿಯು ಹೊರತೆಗೆಯಿರಿ. ಅದರ 12 ವೋಲ್ಟಿನ ಬದಿಯ ಮಾಸ್‌ಫೆಟ್ ಶಾರ್ಟ್ ಆಗಿದ್ದರೆ 1 ವೋಲ್ಟಿನ ಆಸುಪಾಸಿನಲ್ಲಿ ಬದುಕುವ ಸಿಪಿಯುವಿಗೆ 12 ವೋಲ್ಟ್ ನುಗ್ಗುತ್ತದೆ. ಪರೀಕ್ಷಿಸದ ಬೋರ್ಡಿಗೆ ಒಳ್ಳೆಯ ಸಿಪಿಯು ಹಾಕಿ ನೋಡುವ ಚಾಳಿ ಎಷ್ಟು ಅಪಾಯ ಎಂಬುದು ಇದರಿಂದ ಗೊತ್ತಾಗುತ್ತದೆ.

ಕನೆಕ್ಟರಿನ ಹಳದಿ ಪಿನ್ನಿನಿಂದ ನೆಲಕ್ಕೆ ಕಿಲೋ ಓಮ್‌ಗಳಲ್ಲಿ ಬರಬೇಕು. ಕೆಲವೇ ಓಮ್ ಬಂದರೆ ಮಾಸ್‌ಫೆಟ್‌ಗಳನ್ನು ಒಂದೊಂದಾಗಿ ಅಳೆದು ಡ್ರೈನ್–ಸೋರ್ಸ್ (ವಿದ್ಯುತ್ ಹೊಕ್ಕು ಹೊರಡುವ ಎರಡು ಕಾಲು) ಕೂಡಿಕೊಂಡದ್ದನ್ನು ಕಿತ್ತು ಹಾಕಿ. ಅದರ ಜೋಡಿಯನ್ನೂ, ಅದನ್ನು ನಡೆಸುವ ಡ್ರೈವರ್ ಚಿಪ್ಪನ್ನೂ ನಂಬಬೇಡಿ. ಇಲ್ಲಿ ಒಂದು ಎಚ್ಚರಿಕೆ: ಸಿಪಿಯು ಕೂತಿರುವಾಗ ವಿಕೋರ್ (ಸಿಪಿಯುವಿನ ಮುಖ್ಯ ವಿದ್ಯುತ್ ಸಾಲು) ಕಾಯಿಲ್‌ನಿಂದ ನೆಲಕ್ಕೆ ಕೆಲವೇ ಓಮ್, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಬರುವುದು ಸಹಜ, ಅದು ಶಾರ್ಟ್ ಅಲ್ಲ.

ಎಲ್ಲ ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಾಗಿದ್ದರೆ ರಾಮ್ ಸಾಲು ನೋಡಿ, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2 ವೋಲ್ಟ್. ಆಮೇಲೆ ವಿಕೋರ್. ಎರಡೂ ಇದ್ದು ಡೀಬಗ್ ಕಾರ್ಡ್ 00 ಅಥವಾ ಎಫ್‌ಎಫ್‌ನಲ್ಲೇ ನಿಂತರೆ ಬಯೋಸ್ ಚಿಪ್ಪಿನ ಸರದಿ. ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದ ಯಂತ್ರವಾದರೆ ನೇರ ಇಲ್ಲಿಗೇ ಬನ್ನಿ. ಎಂಟು ಕಾಲಿನ 25ಕ್ಯೂ64 ಎಂದರೆ 8 ಮೆಗಾಬೈಟ್, 25ಕ್ಯೂ128 ಎಂದರೆ 16. ಹಳೆಯದನ್ನು ಎರಡು ಸಲ ಓದಿ, ಎರಡೂ ಫೈಲ್ ಒಂದೇ ಎಂದು ಹೋಲಿಸಿ ಜೋಪಾನ ಮಾಡಿದ ಮೇಲೆಯೇ ಹೊಸದು ಬರೆಯಿರಿ. ಲ್ಯಾನ್‌ನ ಮ್ಯಾಕ್ ವಿಳಾಸ, ಸೀರಿಯಲ್ ಸಂಖ್ಯೆ ಹಲವು ಬೋರ್ಡುಗಳಲ್ಲಿ ಅದರೊಳಗೇ ಇರುತ್ತವೆ. ಕೆಲವು ಚಿಪ್‌ಗಳು 1.8 ವೋಲ್ಟಿನವು, ಸಂಖ್ಯೆಯ ಬಾಲದಲ್ಲಿ ಎಫ್‌ಡಬ್ಲ್ಯು ಇದ್ದರೆ ಅಡಾಪ್ಟರ್ ಇಲ್ಲದೆ ಪ್ರೋಗ್ರಾಮರಿಗೆ ಹಾಕಬೇಡಿ. ಅಗ್ಗದ ಕಪ್ಪು ಸಿಎಚ್341ಎ ಪ್ರೋಗ್ರಾಮರ್‌ಗಳಲ್ಲಿ ಡೇಟಾ ಗೆರೆಗಳಿಗೆ 5 ವೋಲ್ಟ್ ಹೋಗುವುದುಂಟು, ಅಳೆದು ನೋಡಿ ಬಳಸಿ.

ಚುಚ್ಚುವಾಗಲೇ ಸತ್ತದ್ದು

ಪೆನ್‌ಡ್ರೈವ್ ಹಾಕಿದೊಡನೆ, ಟಿವಿಗೆ ಎಚ್‌ಡಿಎಂಐ ಸಿಕ್ಕಿಸಿದೊಡನೆ ಆರಿಹೋದ ಯಂತ್ರಗಳ ಹಿಂದೆ ಹೆಚ್ಚಾಗಿ ಅರ್ತಿಂಗ್‌ನ ಕಥೆ ಇರುತ್ತದೆ. ಎಸ್‌ಎಂಪಿಎಸ್‌ನ ಒಳಗೆ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಕ್ಯಾಬಿನೆಟ್ಟಿಗೆ ಜೋಡಿಸಿರುತ್ತದೆ. ಅರ್ತ್ ಇದ್ದರೆ ಆ ಸೋರಿಕೆ ನೆಲಕ್ಕಿಳಿಯುತ್ತದೆ. ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ಟು 230 ವೋಲ್ಟಿನ ಅರ್ಧದಷ್ಟು, ಅಂದರೆ ನೂರು ವೋಲ್ಟಿನ ಮೇಲೆ ತೇಲುತ್ತಿರುತ್ತದೆ. ಬೆರಳಿನ ಹಿಂಬದಿ ಸವರಿದರೆ ಜುಮ್ಮೆನ್ನುವುದು ಇದೇ. ಕರೆಂಟ್ ಅತ್ಯಲ್ಪ, ಆದರೆ ಕೇಬಲ್ ಟಿವಿಯ ವಯರ್ ಮೂಲಕ ನೆಲ ಕಂಡಿರುವ ಟಿವಿಗೆ ಎಚ್‌ಡಿಎಂಐ ಸಿಕ್ಕಿಸುವ ಆ ಕ್ಷಣದಲ್ಲಿ ಅದು ಡೇಟಾ ಪಿನ್ನಿನ ಮೂಲಕ ಚಿಪ್ಪಿನೊಳಕ್ಕೆ ಹರಿದರೆ ಸಾಕು.

ಮುಂಭಾಗದ ಯುಎಸ್‌ಬಿಯ ಒಂಬತ್ತು ಪಿನ್ನಿನ ಹೆಡರಿನಲ್ಲಿ 1 ಮತ್ತು 2 ಐದು ವೋಲ್ಟು, 3ರಿಂದ 6 ಡೇಟಾ, 7 ಮತ್ತು 8 ನೆಲ. ಡೇಟಾ ಪಿನ್‌ಗಳನ್ನು ಡಯೋಡ್ ಮೋಡಿನಲ್ಲಿ ಅಳೆದು, ಹಿಂಬದಿಯ ಎಲ್ಲ ಯುಎಸ್‌ಬಿ ಪೋರ್ಟುಗಳ ಅಂಕೆಗಳ ಜೊತೆ ಹೋಲಿಸಿ. 0.4ರಿಂದ 0.7ರೊಳಗೆ ಎಲ್ಲವೂ ಹತ್ತಿರ ಹತ್ತಿರ ಇರಬೇಕು. ಒಂದೇ ಒಂದು ಪಿನ್ ಸೊನ್ನೆ ತೋರಿಸಿ, ಗೆರೆಯ ಮೇಲಿನ ರಕ್ಷಣಾ ಡಯೋಡ್ ಕಿತ್ತ ಮೇಲೂ ಹಾಗೆಯೇ ಉಳಿದರೆ ಸೌತ್‌ಬ್ರಿಜ್‌ನ ಆ ಪೋರ್ಟ್ ಸತ್ತಿದೆ. ಡಯೋಡ್ ಕಿತ್ತಾಗ ಸರಿಹೋದರೆ ಬೋರ್ಡಿನ ಅದೃಷ್ಟ, ಹೊಸ ಡಯೋಡ್ ಹಾಕಿ ಮುಗಿಸಿ. ಚಿಪ್ಪಿನೊಳಗೆ ಲ್ಯಾಚ್-ಅಪ್ ಎಂಬ ಇನ್ನೊಂದು ಸ್ಥಿತಿ ಇದೆ: ಒಂದು ಕಿಡಿಯಿಂದ ಒಳಗಿನ ಅನಪೇಕ್ಷಿತ ದಾರಿ ತೆರೆದುಕೊಂಡು, ವಿದ್ಯುತ್ ಪೂರ್ತಿ ಕಡಿಯುವ ತನಕ ಕರೆಂಟ್ ಎಳೆಯುತ್ತಲೇ ಇರುತ್ತದೆ. ಯಂತ್ರ ಆರಿದಾಗ ಬಟನ್ ಒತ್ತಿ ಒತ್ತಿ ನೋಡುವ ಬದಲು ಕೂಡಲೇ ಗೋಡೆಯ ಪ್ಲಗ್ ಕಿತ್ತರೆ ಚಿಪ್ ಬದುಕುವ ಸಾಧ್ಯತೆ ಇದೆ. ಸ್ಟ್ಯಾಂಡ್‌ಬೈಯಲ್ಲಿ ಬಿಟ್ಟರೆ ಸುಟ್ಟೇ ಹೋಗುತ್ತದೆ.

ಚಿಪ್ ಇಡಿಯಾಗಿ ಸಾಯಬೇಕೆಂದಿಲ್ಲ. 2011ರ ಜನವರಿ 31ರಂದು ಇಂಟೆಲ್ ತನ್ನ 6 ಸರಣಿಯ ಚಿಪ್‌ಸೆಟ್‌ನಲ್ಲಿ ವಿನ್ಯಾಸದ ದೋಷ ಇದೆಯೆಂದು ಪ್ರಕಟಿಸಿ ಸರಬರಾಜು ನಿಲ್ಲಿಸಿತು. ಡಿಸ್ಕ್ ಸಿಕ್ಕಿಸುವ ಅದರ 3 ಗಿಗಾಬಿಟ್‌ನ ಸಾಟಾ ಪೋರ್ಟುಗಳು ಕಾಲ ಕಳೆದಂತೆ ದುರ್ಬಲವಾಗುತ್ತಿದ್ದವು, 6 ಗಿಗಾಬಿಟ್‌ನ ಎರಡು ಪೋರ್ಟುಗಳಿಗೆ ಏನೂ ಆಗುತ್ತಿರಲಿಲ್ಲ. ಬಿ3 ಎಂಬ ತಿದ್ದಿದ ಆವೃತ್ತಿ ಆಮೇಲೆ ಬಂತು. ಡಿಸ್ಕ್ ಆಗಾಗ ಕಾಣೆಯಾಗುವ ಯಾವುದೇ ಹಳೆಯ ಬೋರ್ಡಿನಲ್ಲಿ ಡಿಸ್ಕ್ ಬದಲಿಸುವ ಮೊದಲು ಪೋರ್ಟ್ ಬದಲಿಸಿ ನೋಡುವುದು ಅದಕ್ಕೇ.

ಸೌತ್‌ಬ್ರಿಜ್ ಮೇಲೆ ಬಿಸಿಗಾಳಿ ಬೇಡ

ಚಿಪ್ಪಿನ ಮೇಲೆ ಹಾಟ್ ಏರ್ ಹಿಡಿದು "ರೀಫ್ಲೋ" ಮಾಡಿ ಕೊಡುವ ಪದ್ಧತಿ ನಿಲ್ಲಬೇಕು. ಸೀಸವಿಲ್ಲದ ಬೆಸುಗೆ ಕರಗುವುದು 217 ಡಿಗ್ರಿಯ ಆಸುಪಾಸಿನಲ್ಲಿ. ಹಳೆಯ ಸೀಸದ ಬೆಸುಗೆ 183ರಲ್ಲೇ ಕರಗುತ್ತಿತ್ತು. ಅಷ್ಟು ಬಿಸಿಯನ್ನು ಮೇಲಿನಿಂದ ಮಾತ್ರ ಕೊಟ್ಟರೆ ಬೋರ್ಡು ಬಾಗುತ್ತದೆ, ಸಾಕೆಟ್ ಪ್ಲಾಸ್ಟಿಕ್ ಕರಗುತ್ತದೆ. ಸಿಡಿಲಿಗೆ ಒಳಗಿನ ಸಿಲಿಕಾನ್ ಸುಟ್ಟಿದ್ದರೆ ಬೆಸುಗೆ ಕರಗಿಸಿ ಪ್ರಯೋಜನವೇ ಇಲ್ಲ. ಬಿರುಕಿನ ದೋಷವಾಗಿದ್ದರೂ ಬಿಸಿಗೆ ತಾತ್ಕಾಲಿಕವಾಗಿ ಕೂಡಿಕೊಂಡು ಕೆಲವು ದಿನ ನಡೆದು ಮತ್ತೆ ನಿಲ್ಲುತ್ತದೆ. ಗ್ರಾಹಕರು ಎರಡು ಸಲ ದುಡ್ಡು ಕೊಟ್ಟಂತಾಯಿತು. ಸೌತ್‌ಬ್ರಿಜ್ ಬದಲಿಸಲು ಕೆಳಗಿನಿಂದಲೂ ಕಾಯಿಸುವ ಬಿಜಿಎ ಯಂತ್ರ ಬೇಕು, ಅದೇ ಸಂಖ್ಯೆಯ ಚಿಪ್ ಬೇಕು. ಬೇರೆಲ್ಲೂ ಸಿಗದ ಬೋರ್ಡು, ಉದಾಹರಣೆಗೆ ಹಳೆಯ ಯಂತ್ರೋಪಕರಣಕ್ಕೆ ಜೋಡಿಸಿದ ಕಂಪ್ಯೂಟರ್ ಆದರೆ ಮಾತ್ರ ಆ ಶ್ರಮಕ್ಕೆ ಅರ್ಥವಿದೆ. ಸಾಮಾನ್ಯ ಬೋರ್ಡಿಗೆ, ಅದೇ ಸಿಪಿಯು ಮತ್ತು ರಾಮ್ ಹೊಂದುವ ಬದಲಿ ಬೋರ್ಡು ಹಾಕಿಕೊಳ್ಳಿ ಎಂದು ನೇರವಾಗಿ ಹೇಳಿಬಿಡಿ.

ಮನೆಗೆ ಮರಳಿಸುವ ಮುನ್ನ

ರಿಪೇರಿಯಾದ ಯಂತ್ರವನ್ನು ಎರಡು ಗಂಟೆಯಾದರೂ ಭಾರದ ಕೆಲಸ ಕೊಟ್ಟು ಓಡಿಸಿ, ಆಮೇಲೆ ಸ್ಟ್ಯಾಂಡ್‌ಬೈಯಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೆ ಬೆರಳಿಟ್ಟು ಬಿಸಿ ನೋಡಿ.

ಅದನ್ನು ಇಡುವ ಮನೆಯಲ್ಲಿ ಸಾಕೆಟ್ಟಿನ ನ್ಯೂಟ್ರಲ್–ಅರ್ತ್ ನಡುವೆ ಎಸಿ ವೋಲ್ಟ್ ಅಳೆಯಿರಿ, ಎರಡು ಮೂರು ವೋಲ್ಟಿಗಿಂತ ಹೆಚ್ಚಿದ್ದರೆ ವಯರಿಂಗ್ ನೋಡುವವರನ್ನು ಕರೆಸಬೇಕು. ಕ್ಯಾಬಿನೆಟ್ಟು ಮತ್ತು ನಿಜವಾದ ಅರ್ತ್ ನಡುವೆ ನೂರರ ಆಸುಪಾಸು ಬಂದರೆ ಮೂರನೆಯ ಪಿನ್ ಹೆಸರಿಗೆ ಮಾತ್ರ ಇದೆ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಗುಡುಗು ಶುರುವಾಗುವ ಎಪ್ರಿಲ್‌ನಲ್ಲೇ ಅರ್ತ್ ಅತಿ ದುರ್ಬಲ. ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಪೈಪು, ಸುತ್ತ ಇದ್ದಿಲು ಮತ್ತು ಉಪ್ಪು ಅಥವಾ ಬೆಂಟೊನೈಟ್ ಜೇಡಿ, ಮಾರ್ಚ್‌ನಿಂದ ಮಳೆ ಬರುವ ತನಕ ಗುಂಡಿಗೆ ನೀರು. ಮೇನ್ ಬೋರ್ಡಿನಲ್ಲಿ ಸರ್ಜ್ ತಡೆಯುವ ಸಾಧನ ಹಾಕಿಸಿದರೂ ಅದು ಕೆಲಸ ಮಾಡುವುದು ಈ ಅರ್ತ್ ಇದ್ದರೆ ಮಾತ್ರ. ಯುಪಿಎಸ್ ಇದೆಯೆಂದು ನಂಬಿ ಕೂರುವಂತಿಲ್ಲ: ಮನೆಗಳಲ್ಲಿರುವ ಸಾಮಾನ್ಯ ಯುಪಿಎಸ್, ಕರೆಂಟ್ ಇರುವಷ್ಟು ಹೊತ್ತು ಹೊರಗಿನ ಸಾಲನ್ನೇ ಒಳಕ್ಕೆ ಬಿಡುತ್ತದೆ. ಮೋಡ ಕವಿದ ಮಧ್ಯಾಹ್ನ ಪ್ಲಗ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಕೀಳಬೇಕು, ಒಂದನ್ನು ಕಿತ್ತು ಇನ್ನೊಂದನ್ನು ಬಿಟ್ಟರೆ ಕಿತ್ತದ್ದು ವ್ಯರ್ಥ.

ಸಿಡಿಲಿಗೆ ಹೋದ ಯಂತ್ರವಾದರೆ ಹಳೆಯ ಲ್ಯಾನ್ ಕೇಬಲ್ ಬದಲಿಸಿ. ಒಎನ್‌ಟಿಯ ಅದೇ ಪೋರ್ಟಿಗೆ ಮೊದಲು ಅಗ್ಗದ ಗಿಗಾಬಿಟ್ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಮೂಲಕ ಜೋಡಿಸಿ, ಲಿಂಕ್ ದೀಪ ಸ್ಥಿರವಾಗಿ ಉರಿದು ಸಾವಿರ ಮೆಗಾಬಿಟ್ ತೋರಿಸುವುದೇ ಎಂದು ನೋಡಿ. ನೂರಕ್ಕೆ ಇಳಿದರೆ, ಇಲ್ಲವೇ ದೀಪ ಬಂದು ಹೋಗುತ್ತಿದ್ದರೆ ಆ ಪೋರ್ಟಿಗೂ ಪೆಟ್ಟಾಗಿರಬಹುದು. ಒಎನ್‌ಟಿ ಬದಲಿಸುವ ತನಕ ಬೇರೆ ಪೋರ್ಟಿನಲ್ಲಿ ನಡೆಸಿ.